ಬೆಣ್ಣೆ ಬರುವ ದಾರಿ

ಮೊನ್ನೆ ಮಗಳು ಸಿಂಚನ ಯೂನಿವರ್ಸಿಟಿ ರಜೆಗೆಂದು ಮನೆಗೆ ಬಂದವಳು ನನ್ನ ಅಡುಗೆಮನೆಯನ್ನು ಉದ್ಧಾರ ಮಾಡಲು ಹೊರಟಳು. ಇಂಥ ಉತ್ಸಾಹ ಅವಳಿಗೆ ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗ ನಾನು ಸ್ವಲ್ಪ ದೂರ ನಿಂತು, ಯಾವ ಯಾವ ಡಬ್ಬಿಗೆ ಪ್ರಾಣಾಪಾಯವಿದೆ ಎಂದು ಕಣ್ಣಿಟ್ಟಿರುತ್ತೇನೆ. ಮುಚ್ಚಳ ಕಳೆದುಕೊಂಡ ಐಸ್‌ಕ್ರೀಂ ಡಬ್ಬಿಗಳು ಹೋದವು. ಮೈಸೂರಿನಿಂದ ಹೊತ್ತು ತಂದು, ಬಿಚ್ಚದೆಯೇ ಮುಗ್ಗಲು ಹಿಡಿಸಿದ್ದ ಸಾರಿನಪುಡಿ ಹೋಯಿತು. ಆಮೇಲೆ ಮೇಲಿನ ಕಪಾಟಿನ ಹಿಂಬದಿಯಿಂದ ಒಂದು ನೆಗ್ಗಿದ ಸ್ಟೀಲ್ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಮೂಸಿ ನೋಡಿ ಮುಖ ಹುಳ್ಳಗೆ ಮಾಡಿದಳು.

“ಅಮ್ಮಾ, ದಿಸ್ ಈಸ್ ಗ್ರೋಸ್. ಕ್ಯಾನ್ ಐ ಬಿನ್ ಇಟ್?”

“ಅದನ್ನ ಎಸೆದ್ರೆ ನಿನ್ನನ್ನೂ ಅದರ ಹಿಂದೆನೇ ಕಳಿಸ್ತೀನಿ ನೋಡು. ಎಲ್ಲಿತ್ತೋ ಅಲ್ಲೇ ಇಡು,” ಎಂದೆ.

ಅವಳು ಹೇಳಿದ್ದೇನೂ ಸುಳ್ಳಲ್ಲ. ಬಿಸಿನೀರು, ಸೀಗೆಪುಡಿ, ನಿಂಬೆಸಿಪ್ಪೆ, ಸೋಡಾಪುಡಿ ಎಲ್ಲ ಹಾಕಿ ತಿಕ್ಕಿದ್ದೇನೆ. ಜಿಡ್ಡು ಹೋಗುತ್ತದೆ, ವಾಸನೆ ಹೋಗುವುದಿಲ್ಲ. ಅಂಗಡಿಯವನು ಅದನ್ನು ಸೈಕಲ್ ಸವಾರರು ನೀರು ಕುಡಿಯುವ ಬಾಟಲಿ ಎಂದು ಮಾರಿದ್ದ. ನಮ್ಮ ಮನೆಯಲ್ಲಿ ಅದರ ಹೆಸರು ಬೆಣ್ಣೆ ಬಾಟಲಿ. ಪರ್ತ್‌ನಿಂದ ಬ್ರಿಸ್ಬೇನ್‌ಗೆ, ಬ್ರಿಸ್ಬೇನ್‌ನಿಂದ ಈ ಅಡಿಲೇಡ್‌ಗೆ ನಮ್ಮ ಜೊತೆ ಊರು ಬದಲಿಸುತ್ತಾ ಬಂದಿದೆ. ಅದರ ಕಥೆ ಹೇಳಬೇಕೆಂದರೆ ಸೈಕಲ್ಲಿನಿಂದ ಶುರುಮಾಡಬೇಕು. ಸೈಕಲ್ಲಿನ ಕಥೆ ಹೇಳಬೇಕೆಂದರೆ ನನ್ನ ಪುಕ್ಕಲುತನದಿಂದ ಶುರುಮಾಡಬೇಕು.

ನಾನು ಸೈಕಲ್ ಕಲಿತದ್ದು ಮೈಸೂರಿನಲ್ಲಿ, ನಮ್ಮ ವಠಾರದ ಎದುರಿಗಿದ್ದ ಬಾಡಿಗೆ ಸೈಕಲ್ ಅಂಗಡಿಯ ಕೃಪೆಯಿಂದ. ಅಣ್ಣ ಸೀಟು ಹಿಡಿದುಕೊಂಡು ಹಿಂದೆ ಓಡುತ್ತಿದ್ದ. ನಾನು ಗಂಡಸರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆಯುತ್ತಿದ್ದೆ. ಶಾಲೆಯ ಮೈದಾನದಲ್ಲಿ ನಾನೇ ಮಹಾರಾಣಿ. ಒಂದು ದಿನ ಧೈರ್ಯ ಮಾಡಿ ರಸ್ತೆಗಿಳಿದೆ. ಎದುರಿಗೊಂದು ಟಾಂಗಾ ಬಂತು. ಸೈಕಲ್ಲಿಗೆ ಬ್ರೇಕ್ ಎಂಬುದೊಂದು ಇರುತ್ತದೆನ್ನುವುದೇ ಮರೆತುಹೋಗಿ, ಬೆಲ್ ಹೊಡೆಯುತ್ತಲೇ ಹೋಗಿ ಕುದುರೆಯ ಮುಂದೆ ಬಿದ್ದೆ. ಕುದುರೆ ಪಾಪ, ನಿಂತುಕೊಂಡಿತು. ಬಗ್ಗಿ ನನ್ನ ಮುಖ ಮೂಸಿತು. ಟಾಂಗಾದವನ ಬೈಗುಳಕ್ಕಿಂತ ಆ ಕುದುರೆಯ ಕನಿಕರವೇ ನನಗೆ ಹೆಚ್ಚು ಅವಮಾನವಾಗಿ ಕಂಡಿತು. ಅಲ್ಲಿಗೆ ನನ್ನ ಸೈಕಲ್ ವಿದ್ಯೆ ಮೈದಾನಕ್ಕೇ ಸೀಮಿತವಾಯಿತು. ಚಕ್ರವಿರುವ ಇನ್ನೊಂದು ವಸ್ತು ಎದುರಿಗೆ ಬರುವ ಜಾಗದಲ್ಲಿ ನಾನು ಮತ್ತೆ ಸೈಕಲ್ ಬಿಟ್ಟವಳಲ್ಲ.

ಇವರು, ಅಂದರೆ ನನ್ನ ಗಂಡ ಪ್ರಸನ್ನ, ಇದಕ್ಕೆ ತದ್ವಿರುದ್ಧ. ಎಂಜಿನಿಯರಿಂಗ್ ಓದಿದ್ದೇ ಸೈಕಲ್ಲಿನ ಮೇಲೆ ಎನ್ನಬಹುದು. ನೀರಿನ ಪೈಪ್‌ಲೈನ್ ಹಾಕಿಸುವ ಕೆಲಸ ಇವರದು, ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು ಊರು. ನಡೆಯುವಾಗ, ಓಡುವಾಗ, ಏರ್‌ಪೋರ್ಟಿನ ಸಾಲಿನಲ್ಲಿ ಕೂಡ ಇವರು ನಾಲ್ಕು ಹೆಜ್ಜೆ ಮುಂದೆ. ಮಾತು ಮಾತ್ರ ಬಹಳ ಹಿಂದೆ. ನಾನೋ, ಬಾಯಿ ತೆರೆದರೆ ಮುಚ್ಚುವುದು ನಿದ್ದೆ ಬಂದ ಮೇಲೆಯೇ. ಮದುವೆಯಾದಾಗಿನಿಂದ ಇವರು ನನಗೆ ಅತಿ ಹೆಚ್ಚು ಸಲ ಹೇಳಿರುವ ಮಾತೆಂದರೆ, “ಒಂದ್ನಿಮಿಷ ಸುಮ್ನಿರ್ತೀಯಾ?”

ಎರಡು ಸಾವಿರದ ಹತ್ತು ದಾಟಿದ ಹೊಸತರಲ್ಲಿ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ಮನೆ ಮಾಡಿದೆವು. ಹೊಸ ಬಡಾವಣೆ. ಮನೆಗಳೆಲ್ಲ ಅಚ್ಚಿಗೆ ಹಾಕಿ ತೆಗೆದಂತೆ ಒಂದೇ ಥರ. ನಾನು ಒಂದು ಸಲ ಪಕ್ಕದ ಮನೆಯ ಗ್ಯಾರೇಜಿನ ಮುಂದೆ ನಿಂತು ನಮ್ಮ ರಿಮೋಟ್ ಒತ್ತಿ ಒತ್ತಿ, “ರೀ, ಬ್ಯಾಟರಿ ಹೋಗಿದೆ,” ಎಂದು ಇವರಿಗೆ ಫೋನ್ ಮಾಡಿದ್ದೂ ಉಂಟು. ಶನಿವಾರ ಭಾನುವಾರ ಇವರಿಗೆ ಕಾಲು ಸುಮ್ಮನಿರುತ್ತಿರಲಿಲ್ಲ. ಒಂದು ದಿನ ದಪ್ಪ ಟೈರಿನ ಎರಡು ಸೈಕಲ್ ತಂದು ನಿಲ್ಲಿಸಿದರು. ಅದಕ್ಕೆ ಗ್ರಾವೆಲ್ ಬೈಕ್ ಎಂದು ಹೆಸರಂತೆ. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಇಷ್ಟೆಲ್ಲ ಇಲ್ಲದ್ದಕ್ಕೆ ಬೆಲೆ ಜಾಸ್ತಿ.

“ಇದರಲ್ಲಿ ಎಲ್ಲಿ ಹೋಗೋದು? ಫ್ರೀವೇಗಾ?” ಎಂದೆ.

“ರೋಡೇ ಬೇಡ ಕಣೇ. ಕಾಡಿನ ಒಳಗೆ ಹಳೇ ರೈಲ್ವೆ ಲೈನ್ ಇದೆ. ಹಳಿ ಕಿತ್ತು ಜಲ್ಲಿ ಹಾಕಿದಾರೆ. ಕಾರು, ಲಾರಿ ಒಂದೂ ಬರಲ್ಲ.”

“ಕುದುರೆ?”

ಇವರು ಸ್ವಲ್ಪ ಹೊತ್ತು ಯೋಚಿಸಿ, “ಕುದುರೆ ಬರಬಹುದು,” ಎಂದರು. ಸುಳ್ಳು ಹೇಳುವ ಅಭ್ಯಾಸ ಇವರಿಗಿಲ್ಲ.

ನಮ್ಮೂರಲ್ಲಿ ಇಂಥ ರಸ್ತೆಯಿದ್ದರೆ ಕಾರ್ಪೊರೇಟರಿಗೆ ಹಿಡಿಶಾಪ ಹಾಕುತ್ತೇವೆ. ಇಲ್ಲಿಯ ಜನ ಅದನ್ನೇ ಹುಡುಕಿಕೊಂಡು, ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೋಗುತ್ತಾರೆ. ಪರ್ತ್ ಬೆಟ್ಟಗಳ ಜಲ್ಲಿಯೋ, ಕೆಂಪಗೆ ದುಂಡಗೆ ಹುರಿಗಡಲೆಯ ಹಾಗೆ. ಬ್ರೇಕ್ ಒತ್ತಿದರೆ ಸೈಕಲ್ ನಿಲ್ಲುತ್ತದೆ, ಕಡಲೆ ಮುಂದಕ್ಕೆ ಉರುಳುತ್ತದೆ, ನಾವು ಅದರ ಮೇಲೆ ಉರುಳುತ್ತೇವೆ. ಮೊದಲ ದಿನ ಎರಡು ಸಲ ಕೂತೆ. ಆದರೂ ಹೇಳುತ್ತೇನೆ, ಎದ್ದು ಪ್ಯಾಂಟು ಕೊಡವಿಕೊಂಡಾಗ ಸುತ್ತ ಇದ್ದ ನಿಶ್ಶಬ್ದ ಇದೆಯಲ್ಲ, ಅದು ನನಗೆ ಬಹಳ ಹಿಡಿಸಿಬಿಟ್ಟಿತು. ಆಕಾಶದವರೆಗೆ ಹೋದ ಜಾರಾ ಮರಗಳು, ಬುಡದಲ್ಲಿ ಹಳದಿ ನೇರಳೆ ಕಾಡುಹೂವು. ಹಾರ್ನ್ ಇಲ್ಲ, ಹಿಂದಿನಿಂದ ಬಂದು ಗದರುವವರಿಲ್ಲ. ನಲವತ್ತು ದಾಟಿದ ಮೇಲೆ ನನಗೆ ನನ್ನ ಶಾಲೆಯ ಮೈದಾನ ವಾಪಸ್ ಸಿಕ್ಕಿತು. ಪ್ರತಿ ತಿರುವಿನಲ್ಲೂ ಬೆಲ್ ಹೊಡೆಯುತ್ತಾ, ಮುಂದೆ ಹೋಗುತ್ತಿದ್ದ ಇವರ ಬೆನ್ನಿಗೆ ಮನೆಯ ವರದಿ ಒಪ್ಪಿಸುತ್ತಾ ಹೋದೆ. ಒಂದು ಕಾಂಗರೂ ತಲೆಯೆತ್ತಿ ನನ್ನನ್ನು ನೋಡಿ, ಆ ಹಳೆಯ ಕುದುರೆಯ ಹಾಗೇ ಕನಿಕರಪಟ್ಟಿತು.

ಬೆಣ್ಣೆ ಬಂದದ್ದು ಅಲ್ಲಿಯೇ. ಹೊರಗೆ ಹೋಗುವಾಗ ಮೊಸರನ್ನ ಕಟ್ಟದಿದ್ದರೆ ನನಗೆ ಹೊರಟಂತೆಯೇ ಆಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಳಿ ಬರುತ್ತದೆಂದು ಆ ದಿನ ಅನ್ನವನ್ನು ಬೇರೆ ಡಬ್ಬಿಗೆ ಹಾಕಿ, ಗಟ್ಟಿ ಮೊಸರಿಗೆ ಅರ್ಧಕ್ಕರ್ಧ ಕೆನೆ ಬೆರೆಸಿ ಹೊಸ ಸ್ಟೀಲ್ ಬಾಟಲಿಗೆ ತುಂಬಿದೆ. ನೀರಿನ ಬಾಟಲಿ ಇಡುವ ಜಾಗದಲ್ಲಿ ಅದನ್ನು ಸಿಕ್ಕಿಸಿದೆ. ಊಟದ ಹೊತ್ತಿಗೆ ಮರದ ಕೆಳಗೆ ಕೂತು, ಅನ್ನದ ಮೇಲೆ ಬಾಟಲಿ ಬಗ್ಗಿಸಿದರೆ ತೆಳ್ಳಗೆ ನೀರುಮಜ್ಜಿಗೆ ಸುರಿಯಿತು. ಹಿಂದೆಯೇ ದೊಬಕ್ಕೆಂದು ಏನೋ ಬಂದು ಬಾಯಿಗೆ ಅಡ್ಡ ಕೂತುಕೊಂಡಿತು. ಚಮಚದ ಹಿಡಿಯಿಂದ ಮೀಟಿ ತೆಗೆದರೆ, ಬೆಣ್ಣೆ! ಬೆಳ್ಳಗೆ, ತಣ್ಣಗೆ, ನೀರು ಒಸರುತ್ತಿದ್ದ ಅಪ್ಪಟ ಬೆಣ್ಣೆ. ಬೆಳಗಿನ ಚಳಿಯಲ್ಲಿ, ಹುರಿಗಡಲೆ ಜಲ್ಲಿಯ ಮೇಲೆ ಕುಲುಕಿ ಕುಲುಕಿ, ಸೈಕಲ್ಲೇ ಮೊಸರು ಕಡೆದುಬಿಟ್ಟಿತ್ತು.

ಇವರು ನಕ್ಕದ್ದು ಅಪರೂಪ. ಆ ದಿನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದಲ್ಲಿ ಹೋಗುತ್ತಿದ್ದ ದಂಪತಿಗಳು ಸೈಕಲ್ ನಿಲ್ಲಿಸಿ, ಏನಾಯಿತೆಂದು ವಿಚಾರಿಸಿ, ಬ್ರೆಡ್ಡಿಗೆ ನಮ್ಮ ಬೆಣ್ಣೆ ಸವರಿಸಿಕೊಂಡು ತಿಂದು ಹೋದರು. ಅಂದಿನಿಂದ ನಮ್ಮ ಸವಾರಿಗೆ ಒಂದು ಉದ್ದೇಶ ಬಂತು. ಉಳಿದವರು ಎಷ್ಟು ದೂರ ಹೋದೆವು, ಎಷ್ಟು ಬೆಟ್ಟ ಹತ್ತಿದೆವು ಎನ್ನುತ್ತಾರೆ. ನಾವು ಮನೆಗೆ ಬಂದು, ಈ ಸಲ ಎಷ್ಟು ಬೆಣ್ಣೆ ಬಂತು ಎನ್ನುತ್ತಿದ್ದೆವು.

ಇಲ್ಲಿ ನನ್ನ ಅಜ್ಜಿಯ ವಿಷಯ ಸ್ವಲ್ಪ ಹೇಳಬೇಕು. ವಠಾರದ ಮನೆಯ ನಡುವಿನ ಕಂಬಕ್ಕೆ ಹಗ್ಗ ಸುತ್ತಿ, ಕಡಗೋಲು ನಿಲ್ಲಿಸಿ, ಅಜ್ಜಿ ವಾರಕ್ಕೆರಡು ಸಲ ಮೊಸರು ಕಡೆಸುತ್ತಿದ್ದಳು. ಕಡೆಸುತ್ತಿದ್ದಳು ಎಂದೆ, ಏಕೆಂದರೆ ಹಗ್ಗ ಎಳೆಯುತ್ತಿದ್ದವರು ನಾನು ಮತ್ತು ಅಣ್ಣ. ಅವಳು ಒಳಗೆ ಒಲೆಯ ಮುಂದೆ ಕೂತು ಹುಳಿಗೆ ಹೆಚ್ಚುತ್ತಿದ್ದಳು. ಪಾತ್ರೆಯ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಇದ್ದಕ್ಕಿದ್ದಂತೆ, “ನಿಲ್ಸಿ, ಬಂತು!” ಎಂದು ಕೂಗುತ್ತಿದ್ದಳು. ಬಗ್ಗಿ ನೋಡಿದರೆ ಬೆಣ್ಣೆ ಬಂದಿರುತ್ತಿತ್ತು. ಸರಸರ ಎನ್ನುವ ಸದ್ದು ದೊಬದೊಬ ಎಂದು ತಿರುಗುವ ಒಂದು ಗಳಿಗೆ ಇರುತ್ತದಂತೆ, ಅದು ಕಿವಿಗೆ ಗೊತ್ತಾಗಬೇಕಂತೆ. ಮೊದಲು ‘ಬಂತು’ ಎಂದವರಿಗೆ ಮೊದಲ ಉಂಡೆ ಎಂದು ಅಜ್ಜಿಯ ಕಾನೂನು. ನಾನು ಎಳೆಯುವಾಗಲೂ ಮಾತಾಡುತ್ತಲೇ ಇರುತ್ತಿದ್ದೆನಾದ್ದರಿಂದ ಆ ಗಳಿಗೆ ನನಗೆ ಒಮ್ಮೆಯೂ ಕೇಳಿಸಲಿಲ್ಲ. ಒಂದೋ ಅಜ್ಜಿ ಗೆಲ್ಲುತ್ತಿದ್ದಳು, ಇಲ್ಲವೇ ಅಣ್ಣ. ಇದನ್ನೆಲ್ಲ ಜಾರಾ ಮರದ ಕೆಳಗೆ ಇವರಿಗೆ ವಿಸ್ತಾರವಾಗಿ ಹೇಳಿದೆ. “ನಿಮ್ಮಜ್ಜಿಗೆ ನನ್ನ ನಮಸ್ಕಾರ. ಒಂದ್ನಿಮಿಷ ಸುಮ್ನಿರ್ತೀಯಾ?” ಎಂದರು.

ಇವರಿಗೂ ಇವರ ಮನೆಯ ಒಂದು ಕಾನೂನಿತ್ತು, ಆಯುಧಪೂಜೆ. ದೇವರ ಮುಂದೆ ಕೂರುವುದರಲ್ಲಿ ಅಷ್ಟಕ್ಕಷ್ಟೇ ಆದ ಮನುಷ್ಯ, ಆ ಒಂದು ದಿನ ಮಾತ್ರ ತಪ್ಪಿಸುತ್ತಿರಲಿಲ್ಲ. ಕಾರು, ಸೈಕಲ್ಲು, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲಕ್ಕೂ ಅರಿಶಿನ ಕುಂಕುಮ ಹೂವು. ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು. ಹತ್ತಿ ಕೂತು, ಗಂಭೀರವಾಗಿ, ಅದರ ಮೇಲೆ ಓಡಿಸಿ ಜಜ್ಜಬೇಕು. ಅದಾಗದೆ ಪೂಜೆ ಮುಗಿದಂತಲ್ಲ, ಅಲ್ಲಿಯವರೆಗೆ ಯಾರೂ ಒಬ್ಬಟ್ಟಿಗೆ ಕೈ ಹಾಕುವಂತಿಲ್ಲ. ಇಲ್ಲಿ ನಮ್ಮ ಹಬ್ಬಗಳೆಲ್ಲ ಶನಿವಾರಕ್ಕೇ ಬರುತ್ತವೆನ್ನುವುದು ಬೇರೆ ಮಾತು.

ಆ ಹಳೆಯ ರೈಲುದಾರಿಯಲ್ಲಿ ಬೆಟ್ಟದೊಳಗೆ ಕೊರೆದ ಒಂದು ಸುರಂಗವಿತ್ತು. ಮೊದಲ ಸಲ ಅದರೊಳಗೆ ಹೊಕ್ಕಾಗ ನನಗೂ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡು ಗೋಡೆಯ ಇಟ್ಟಿಗೆ, ಕಾಲಡಿಯ ಜಲ್ಲಿ ಎಲ್ಲ ಮಸುಕಾಗಿ ಕಂಡಿತು. ಮುಂದೆ ಹೋಗುತ್ತಿದ್ದ ಇವರು ಮಾತ್ರ ನಿಂತುಬಿಟ್ಟಿದ್ದರು. ಒಂದು ಕೈ ಗೋಡೆಯ ಮೇಲಿತ್ತು.

“ಯಾಕ್ರೀ?”

“ಏನಿಲ್ಲ. ಶೂ ಲೇಸು. ನೀನು ನಡಿ ಮುಂದೆ.”

ಇವರು ನನ್ನನ್ನು ಮುಂದೆ ಹೋಗೆಂದದ್ದು ಅದೇ ಮೊದಲು. ನಾನು ಹಿಗ್ಗಿ, ಬೆಲ್ ಹೊಡೆಯುತ್ತಾ ಹೋದೆ. ಸುರಂಗದಲ್ಲಿ ಬೆಲ್ಲಿನ ಸದ್ದು ಎಷ್ಟು ಚೆನ್ನಾಗಿ ಮೊಳಗುತ್ತದೆಂದು ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಆ ಸದ್ದು ಹಿಡಿದುಕೊಂಡೇ ಇವರು ಹೊರಗೆ ಬಂದರೆಂದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಪ್ರಾಜೆಕ್ಟ್ ಮುಗಿದು ಬ್ರಿಸ್ಬೇನ್‌ಗೆ ಹೋದೆವು. ಫಾರೆಸ್ಟ್ ಲೇಕ್‌ನಲ್ಲಿ ಮನೆ. ಕೆರೆಯೂ ಬಡಾವಣೆ ಕಟ್ಟಿದವರೇ ತೋಡಿದ್ದು, ಕಾಡೂ ಅವರೇ ನೆಟ್ಟದ್ದು, ಆದರೂ ಬಾತುಕೋಳಿಗಳು ನಿಜವಾದವು. ಅಲ್ಲಿ ಒಂದು ದಿನ ಕಣ್ಣಿನ ಡಾಕ್ಟರು ಇವರ ಕಾಯಿಲೆಗೆ ಉದ್ದದ ಹೆಸರು ಹೇಳಿದರು. ಕತ್ತಲಲ್ಲಿ ಮೊದಲು ಗೊತ್ತಾಗುತ್ತದಂತೆ, ಆಮೇಲೆ ಅಕ್ಕಪಕ್ಕದ ನೋಟ ಮುಚ್ಚಿಕೊಳ್ಳುತ್ತಾ ಬರುತ್ತದಂತೆ, ಔಷಧವಿಲ್ಲವಂತೆ. ಡ್ರೈವಿಂಗ್ ಲೈಸೆನ್ಸ್ ವಾಪಸ್ ಕೊಟ್ಟು ಬಂದ ದಿನ ಇವರು ಬಾತುಕೋಳಿಗಳನ್ನು ನೋಡುತ್ತಾ ಕೆರೆಯ ಪಕ್ಕ ಬಹಳ ಹೊತ್ತು ಕೂತಿದ್ದರು. ನಾನೂ ಪಕ್ಕದಲ್ಲಿ ಕೂತಿದ್ದೆ. ಕೊನೆಗೆ ಇವರೇ ಹೇಳಿದರು, “ಇಷ್ಟು ವರ್ಷ ಪೈಪ್ ಹಾಕಿಸ್ದೆ. ಈಗ ಪೈಪಿನ ಒಳಗಿಂದ್ಲೇ ನೋಡೋ ಹಾಗಾಯ್ತು ನೋಡು.” ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ರಸ್ತೆ ಹೋಯಿತು, ಕಾರಿಲ್ಲದ ದಾರಿ ಉಳಿದಿತ್ತು. ಕಾರು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಫ್ರೀವೇಯಲ್ಲಿ ಎಡಗಡೆಯ ಸಾಲು ಬಿಡದೆ, ಸ್ಟಿಯರಿಂಗ್ ಅಪ್ಪಿಕೊಂಡು ಓಡಿಸುತ್ತಿದ್ದೆ. ಬ್ರಿಸ್ಬೇನ್ ನದಿಯ ಕಣಿವೆಯಲ್ಲೂ ಹಳಿ ಕಿತ್ತ ಒಂದು ಉದ್ದನೆಯ ರೈಲುದಾರಿಯಿದೆ. ದನ ಮೇಯುವ ಬಯಲು, ಒಂಟಿ ಸ್ಟೇಷನ್ನು, ಮರದ ಹಳೆಯ ಸೇತುವೆ. ಸೇತುವೆ ಮುರಿದ ಕಡೆ ದಾರಿ ಧಡಕ್ಕನೆ ಹಳ್ಳಕ್ಕಿಳಿದು ಮತ್ತೆ ಹತ್ತುತ್ತದೆ. ಇಲ್ಲಿ ನಾನು ಮುಂದೆ, ಇವರು ಹಿಂದೆ. ಇವರಿಗೆ ಕಾಣಲೆಂದು ನನ್ನ ಸೀಟಿನ ಹಿಂದೆ ಒಂದು ಕೆಂಪು ರವಿಕೆ ಕಣ ಕಟ್ಟಿದೆ. ಮೈಸೂರಿನಲ್ಲಿ ಯಾರೋ ಕೊಟ್ಟು, ನಾನು ಇನ್ಯಾರಿಗೋ ಕೊಡಲು ಇಟ್ಟುಕೊಂಡಿದ್ದ ಕಣ. ಊರೂರು ಕೈಬದಲಾಗಬೇಕಿದ್ದ ಅದಕ್ಕೆ ಅಂತೂ ಒಂದು ನೆಲೆ ಸಿಕ್ಕಿತು.

ವಸಂತದಲ್ಲಿ ಅಲ್ಲಿ ಮ್ಯಾಗ್‌ಪೈ ಎಂಬ ಹಕ್ಕಿ ಗೂಡು ಕಾಯುತ್ತಾ ಸೈಕಲ್ ಸವಾರರ ತಲೆಗೇ ಎರಗುತ್ತದೆ. ಅದನ್ನು ಹೆದರಿಸಲು ಹೆಲ್ಮೆಟ್ಟಿಗೆ ಸುತ್ತಲೂ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿಕೊಳ್ಳುತ್ತಾರೆ. ನಾವಿಬ್ಬರೂ ಹಾಗೆ ಸಿಕ್ಕಿಸಿಕೊಂಡು ನಿಂತ ಫೋಟೋ ನೋಡಿ, “ಇದೇನೇ, ಈ ವಯಸ್ಸಲ್ಲಿ ಬಾಸಿಂಗ ಕಟ್ಕೊಂಡಿದೀರಾ?” ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಬೆಣ್ಣೆಯ ಮಟ್ಟಿಗೆ ಮಾತ್ರ ಬ್ರಿಸ್ಬೇನ್ ದಂಡ. ಆ ಸೆಖೆಗೆ ಕೆನೆ ಬೆಚ್ಚಗಾಗಿ ಎಣ್ಣೆಯೊಡೆದು ಹುಳಿ ನಾರುತ್ತಿತ್ತು.

ಒಂದು ಬೆಳಗ್ಗೆ ದನಗಳು ದಾಟದಂತೆ ಹಾಕಿದ್ದ ಗೇಟಿನ ಸಂದಿಯಲ್ಲಿ ನಾನು ಸಲೀಸಾಗಿ ನುಗ್ಗಿ ಹೋದೆ. ಇವರಿಗೆ ಕೆಂಪು ಕಣ ಕಂಡಿತು, ಪಕ್ಕದ ಕಂಬ ಕಾಣಲಿಲ್ಲ. ಹಿಂದಿನಿಂದ ಬಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಬಾಟಲಿ ನೆಗ್ಗಿದ್ದು ಆ ದಿನ. ಇವರ ಕತ್ತಿನ ಕೆಳಗಿನ ಎಲುಬು ಮುರಿದದ್ದೂ ಆ ದಿನ. ಎಲುಬು ಕೂಡಿಕೊಂಡಿತು. ಆದರೆ ಇವರು ಸೈಕಲ್ಲಿನ ಮಾತೆತ್ತಲಿಲ್ಲ. ನನಗೂ ತಿಳಿಸದೆ ಇಬ್ಬರ ಸೈಕಲ್ಲನ್ನೂ ಯಾರಿಗೋ ಕೊಟ್ಟುಬಿಟ್ಟರು. ಊಟ ಮಾಡುತ್ತಿದ್ದರು, ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ‘ಒಂದ್ನಿಮಿಷ ಸುಮ್ನಿರ್ತೀಯಾ’ ಎನ್ನುವುದನ್ನು ಮಾತ್ರ ಬಿಟ್ಟುಬಿಟ್ಟರು. ನಾನು ಎಷ್ಟು ಮಾತಾಡಿದರೂ ಬೈಯುವವರಿಲ್ಲ. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ಕಣ್ಣು ಹೋಗುವುದನ್ನು ತಡೆಯಲು ನನ್ನಿಂದಾಗದು. ಈ ಮನುಷ್ಯ ಪೂರಾ ಒಳಗೆ ಹೋಗಿ ಕದ ಹಾಕಿಕೊಳ್ಳುವುದನ್ನಾದರೂ ತಡೆಯಬೇಕಿತ್ತು.

ಅಡಿಲೇಡ್‌ಗೆ ಬಂದಾಗ ಪಕ್ಕದ ಮನೆಯಲ್ಲಿ ಬೆವ್ ಎಂಬ ಹೆಂಗಸಿದ್ದಳು. ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು, ಗಂಡ ತೀರಿಕೊಂಡಿದ್ದ. ಇಲ್ಲಿಯವರಿಗೆ ಹೆಸರು ಮೊಟಕು ಮಾಡದಿದ್ದರೆ ತಿಂದದ್ದು ಅರಗುವುದಿಲ್ಲ. ಪ್ರಸನ್ನ ಅವಳ ಬಾಯಲ್ಲಿ ಪ್ರಾಜ್ ಆದರು, ವತ್ಸಲಾ ಆದ ನಾನು ವ್ಯಾಟ್ಸ್ ಆದೆ. ಬೇಲಿಯ ಮೇಲಿನಿಂದ ಅವಳ ಮರದ ನಿಂಬೆಹಣ್ಣು ಈ ಕಡೆಗೆ, ನನ್ನ ಕೋಡುಬಳೆ ಆ ಕಡೆಗೆ. ಇವರ ಕಣ್ಣಿನ ವಿಷಯ, ಕೊಟ್ಟುಬಿಟ್ಟ ಸೈಕಲ್ಲುಗಳ ವಿಷಯ ಎಲ್ಲ ಅವಳಿಗೆ ಹೇಳಿಯಾಗಿತ್ತು. ಅದರಲ್ಲೇನೂ ಆಶ್ಚರ್ಯವಿಲ್ಲ, ನಾನು ಯಾರಿಗೂ ಏನನ್ನೂ ಹೇಳದೆ ಬಿಟ್ಟವಳಲ್ಲ. ಒಂದು ಮಧ್ಯಾಹ್ನ ಅವಳು ತನ್ನ ಶೆಡ್ಡಿನ ಬಾಗಿಲು ತೆಗೆದು, ಟಾರ್ಪಾಲು ಸರಿಸಿ ತೋರಿಸಿದಳು. ಎರಡು ಸೀಟಿನ, ಎರಡು ಜೊತೆ ಪೆಡಲಿನ, ದಪ್ಪ ಟೈರಿನ ಉದ್ದನೆಯ ಸೈಕಲ್. ಅವಳೂ ಅವಳ ಗಂಡನೂ ಓಡಿಸುತ್ತಿದ್ದದ್ದು.

“ಟೇಕ್ ಇಟ್, ಲವ್. ಸುಮ್ಮನೆ ನಿಂತಿರೋದು ನೋಡಿದ್ರೆ ನನಗೆ ಸಂಕಟ,” ಎಂಬರ್ಥದ ಮಾತು ಹೇಳಿ, ನನಗಿಂತ ಮೊದಲು ತಾನೇ ಮೂಗೊರೆಸಿಕೊಂಡಳು.

ತಂದು ನಿಲ್ಲಿಸಿದೆ. ಇವರು ಕೈಯಿಂದ ಸವರಿ ಸವರಿ ನೋಡಿದರು. ವೆಲ್ಡಿಂಗ್ ಚೆನ್ನಾಗಿದೆ ಎಂದರು. ಹಿಂದಿನ ಸೀಟಿನ ಹತ್ತಿರ ಬಂದು ಕೈ ತೆಗೆದುಬಿಟ್ಟರು.

“ಮುಂದೆ ಯಾರು?”

“ನಾನೇ. ಇನ್ಯಾರು?”

“ಬೇಡ ಬಿಡು. ಹಿಂದೆ ಹೇರ್ಕೊಂಡು ಹೋಗೋಕೆ ನಾನೇನು ಅಕ್ಕಿ ಮೂಟೆನಾ?”

ನಾನು ಹೇಳಿ ನೋಡಿದೆ. ಹಿಂದೆ ಕೂತವರೂ ಪೆಡಲ್ ತುಳಿಯಬೇಕು, ಬಲ ಬರುವುದೇ ಅಲ್ಲಿಂದ ಎಂದೆ. ಬೆವ್ ಹೇಳಿ ನೋಡಿದಳು. ಸಿಂಚನ ಫೋನಿನಲ್ಲಿ, “ಅಪ್ಪಾ, ಜಸ್ಟ್ ಟ್ರೈ, ಪ್ಲೀಸ್,” ಎಂದಳು. ಇವರು ಎಲ್ಲರಿಗೂ ನಯವಾಗಿ “ನೋಡೋಣ,” ಎಂದರು. ಇವರ ‘ನೋಡೋಣ’ ಎಂದರೆ ಏನೆಂದು ನನಗೆ ಗೊತ್ತು. ಸೈಕಲ್ಲು ಬೆವ್‌ಳ ಶೆಡ್ಡಿನಿಂದ ನಮ್ಮ ಶೆಡ್ಡಿಗೆ ಬಂದು ನಿಂತಂತಾಯಿತು, ಅಷ್ಟೆ.

ಆಯುಧಪೂಜೆಯ ಶನಿವಾರ ಬಂತು. ನಾನು ಯಾವ ಉಪಾಯವನ್ನೂ ಹೂಡಿರಲಿಲ್ಲವೆಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ. ಅಭ್ಯಾಸಬಲದಿಂದ ಕಾರು ತೊಳೆದೆ, ಜೊತೆಗೆ ಈ ಉದ್ದನೆಯ ಸೈಕಲ್ಲನ್ನೂ ತೊಳೆದು ಡ್ರೈವ್‌ವೇಯಲ್ಲಿ ನಿಲ್ಲಿಸಿದೆ. ಮಿಕ್ಸಿ, ಲ್ಯಾಪ್‌ಟಾಪ್, ಇವರ ಹಳೆಯ ಅಳತೆ ಟೇಪು ಸಾಲಾಗಿ ಇಟ್ಟೆ. ಇವರು ಒಳಗೆ ಹೋಗಿ, ದಾರಿ ತಡವಿ ನಡೆಯಲೆಂದು ಡಾಕ್ಟರು ಕೊಡಿಸಿದ್ದ, ಇನ್ನೂ ಒಂದು ದಿನವೂ ಬಳಸದಿದ್ದ ತಮ್ಮ ಬಿಳಿ ಕೋಲನ್ನು ತಂದು ಆ ಸಾಲಿನ ಕೊನೆಗೆ ಇಟ್ಟರು. ನಾನು ಅದಕ್ಕೂ ಕುಂಕುಮ ಹಚ್ಚಿದೆ. ಬೆವ್ ಬೇಲಿಯ ಮೇಲಿನಿಂದ ನಿಂಬೆಹಣ್ಣು ಕೊಟ್ಟಳು. ಕಾರನ್ನು ನಾನು ಹತ್ತಿಸಿ ಮುಗಿಸಿದೆ. ಉಳಿದದ್ದು ಸೈಕಲ್ಲು. ಎರಡು ಚಕ್ರದ ಮುಂದೆಯೂ ಹಣ್ಣು ಕೂತಿತ್ತು.

“ತಳ್ಕೊಂಡು ಹೋದ್ರೆ ಆಗಲ್ವಾ?” ಎಂದರು ಇವರು.

“ಕಾರನ್ನ ಯಾರಾದ್ರೂ ತಳ್ಕೊಂಡು ಹತ್ತಿಸ್ತಾರಾ? ನೀವೇ ಹೇಳಿದ್ದಲ್ವಾ, ಕೂತು ಓಡಿಸ್ದೆ ಪೂಜೆ ಮುಗಿಯಲ್ಲ ಅಂತ? ಒಬ್ಬಳೇ ಹತ್ತಿದ್ರೆ ಇದು ನನ್ನ ಕೈಗೆ ನಿಲ್ಲಲ್ಲ ರೀ, ಮೊಸಳೆ ಇದ್ದ ಹಾಗಿದೆ. ಒಬ್ಬಟ್ಟು ತಣ್ಣಗಾಗ್ತಿದೆ.”

ಕಾನೂನು ಇವರದೇ. ಎಷ್ಟೋ ವರ್ಷ ನಮ್ಮನ್ನೆಲ್ಲ ಒಬ್ಬಟ್ಟಿಗೆ ಕಾಯಿಸಿದ ಕಾನೂನು.

“ನಿಂಬೆಹಣ್ಣು ದಾಟೋವರೆಗೆ ಮಾತ್ರ,” ಎಂದರು.

“ಅಷ್ಟೇ ಸಾಕು.”

ಹತ್ತಿದರು. ನಾನು ಹ್ಯಾಂಡಲ್ ಹಿಡಿದೆ. ಇಷ್ಟು ದಿನ ಇವರನ್ನು ಹಿಂದೆ ಕೂರಿಸುವ ಯೋಚನೆಯಲ್ಲಿ, ನಾನು ಮುಂದೆ ಕೂರಬೇಕೆಂಬುದನ್ನು ಯೋಚಿಸಿಯೇ ಇರಲಿಲ್ಲ. ಟಾಂಗಾ ಕುದುರೆ ಕಣ್ಣ ಮುಂದೆ ಬಂತು. ಮುಂದಿನ ಹಣ್ಣು ಪಚಕ್ಕೆಂದಿತು, ಹಿಂದಿನದೂ ಪಚಕ್ಕೆಂದಿತು. “ಓಹ್, ಮೈ ಗುಡ್ ಲೆಮನ್ಸ್!” ಎಂದು ಬೆವ್ ಕೂಗಿದ್ದು ಕೇಳಿಸಿತು. ನಿಲ್ಲಿಸಬೇಕಿತ್ತು. ನಿಲ್ಲಿಸಲು ನನಗೆ ಬ್ರೇಕ್ ನೆನಪಾಗಲಿಲ್ಲ, ಎಂದಿನಂತೆ ಬೆಲ್ ಹೊಡೆದೆ. ಹಿಂದಿನಿಂದ ಪೆಡಲಿಗೆ ಬಲ ಬಂತು, ಒಂದು ಸಲ, ಇನ್ನೊಂದು ಸಲ. ಸೈಕಲ್ಲು ಬೀದಿಗಿಳಿಯಿತು. ಬೀದಿ ಖಾಲಿಯಿತ್ತು. ನಾನು ಹೆದರಿಕೆಯಿಂದ ಉಸಿರು ಬಿಗಿಹಿಡಿದಿದ್ದೆ. ಬೀದಿಯ ಕೊನೆಯ ಮನೆ ದಾಟುವಾಗ ಹಿಂದಿನಿಂದ ಇವರ ದನಿ ಬಂತು.

“ಯಾಕೆ ಸುಮ್ನಾದೆ? ಮಾತಾಡು. ಏನಿದೆ ಮುಂದೆ?”

ನಾನು ಮಾತಾಡಿದೆ. ಎಡಕ್ಕೆ ತಿರುವು ರೀ, ಸ್ವಲ್ಪ ಉಬ್ಬು ಬಂತು, ಕಸದ ಡಬ್ಬಿ ಅಡ್ಡ ಇಟ್ಟಿದಾರೆ, ಯಾರದೋ ಬೆಕ್ಕು, ಈ ಮನೆಯವರು ಗುಲಾಬಿ ಎಷ್ಟು ಚೆನ್ನಾಗಿ ಬೆಳೆಸಿದಾರೆ ಗೊತ್ತಾ. ಜೀವಮಾನವೆಲ್ಲ ಬೈಸಿಕೊಂಡ ನನ್ನ ಬಾಯಿಗೆ ಆ ದಿನ ಉದ್ಯೋಗ ಸಿಕ್ಕಿತು. ಮನೆಗೆ ವಾಪಸ್ ಬಂದಾಗ ಒಬ್ಬಟ್ಟು ಆರಿ ಗಟ್ಟಿಯಾಗಿತ್ತು. ಇಬ್ಬರೂ ಅದನ್ನೇ ತುಪ್ಪವಿಲ್ಲದೆ ತಿಂದೆವು. ಕೈ ತೊಳೆಯುತ್ತಾ ಇವರು, “ನಾಳೆ ವಿಜಯದಶಮಿ ಅಲ್ವಾ? ಬೆವ್ ಹತ್ರ ಹಿಂದೆ ಸಾಮಾನು ಹೇರೋ ಯೂಟ್ ಗಾಡಿ ಇದೆಯಲ್ಲ, ಅದರಲ್ಲಿ ಈ ಸೈಕಲ್ ಹಿಡಿಸುತ್ತಾ ಕೇಳು,” ಎಂದರು.

ಬೆವ್ ನಮ್ಮನ್ನು ಕ್ಲೇರ್ ಕಣಿವೆಗೆ ಕರೆದುಕೊಂಡು ಹೋಗಿ ಬಿಟ್ಟಳು. ಅಲ್ಲಿಯೂ ಹಳಿ ಕಿತ್ತ ರೈಲುದಾರಿಯೇ. ಎರಡು ಕಡೆಯೂ ಆಗ ತಾನೇ ಚಿಗುರಿದ ದ್ರಾಕ್ಷಿ, ನಡುನಡುವೆ ನಮ್ಮ ನೀಲಗಿರಿಯ ಜಾತಿಯ ದೊಡ್ಡ ಗಮ್ ಮರಗಳು, ತಣ್ಣನೆಯ ಗಾಳಿ. ನೆಗ್ಗಿದ ಬಾಟಲಿಗೆ ನಾನು ಕೆನೆ ಮೊಸರು ತುಂಬಿ ತಂದಿದ್ದೆ, ಇವರಿಗೆ ಹೇಳಿರಲಿಲ್ಲ. ಅದನ್ನು ಸಿಕ್ಕಿಸುವ ಜಾಗ ಈ ಸೈಕಲ್ಲಿನಲ್ಲಿ ಇವರ ಕಾಲುಗಳ ನಡುವೆ ಬರುತ್ತದೆ. ಚಕ್ರದ ಕೆಳಗೆ ಜಲ್ಲಿ ಸರಸರ ಎನ್ನುತ್ತಿತ್ತು. ನಾನು ದ್ರಾಕ್ಷಿಯನ್ನೂ ಮೋಡವನ್ನೂ ಗುಂಡಿಗಳನ್ನೂ ವರ್ಣಿಸುತ್ತಾ, ನಡುವೆ ಅಣ್ಣನ ಮಗಳ ಮದುವೆಯ ವಿಷಯವನ್ನೂ ಸೇರಿಸಿ ತುಳಿಯುತ್ತಿದ್ದೆ.

“ಒಂದ್ನಿಮಿಷ ಸುಮ್ನಿರ್ತೀಯಾ?”

ಎಷ್ಟು ದಿನಗಳಾಗಿದ್ದವು ಆ ಮಾತು ಕೇಳಿ! ಸುಮ್ಮನಾದೆ. ಪೆಡಲ್ ತಿರುಗುತ್ತಿತ್ತು, ಎಲ್ಲೋ ಒಂದು ಹಕ್ಕಿ ಕೂಗಿತು.

“ನಿಲ್ಸೇ, ಬಂತು!” ಎಂದರು ಇವರು.

ನನಗೆ ಏನೂ ಕೇಳಿಸಿರಲಿಲ್ಲ. ಈ ಸಲ ಬ್ರೇಕ್ ನೆನಪಾಯಿತು. ಇಳಿದು, ಸೈಕಲ್ಲನ್ನು ಮರಕ್ಕೊರಗಿಸಿ, ಮುಚ್ಚಳ ತೆಗೆದು ನೋಡಿದೆ. ತೆಳ್ಳನೆಯ ಮಜ್ಜಿಗೆಯ ಮೇಲೆ ಬೆಳ್ಳಗೆ ಉಂಡೆಯಾಗಿ ತೇಲುತ್ತಿತ್ತು. ಇವರು ನೋಡಲು ಬಗ್ಗಲಿಲ್ಲ. ಹೆಲ್ಮೆಟ್ ತೆಗೆದು, ನಗುತ್ತಾ, ಅಂಗೈ ಬೊಗಸೆ ಮಾಡಿ ಚಾಚಿದರು.

“ಮೊದಲು ಹೇಳ್ದೋರಿಗೆ ಮೊದಲ ಉಂಡೆ. ನಿಮ್ಮಜ್ಜಿ ಕಾನೂನು. ಕೊಡು.”

ಕೊಟ್ಟೆ.